ಎಡಗಡೆ ಕೀ ಇದ್ದ ಗಡಿಯಾರ

ಪೆಟ್ರೋಲ್ ಬಂಕಿನಲ್ಲಿ ನಮ್ಮ ಮನೆಯವರೆಲ್ಲ ಕಾರಿನ ಗಾಜು ಏರಿಸಿಕೊಂಡರೆ ನಾನು ನನ್ನ ಕಡೆಯ ಗಾಜನ್ನು ಇಳಿಸುತ್ತೇನೆ. ಮಕ್ಕಳು ಮುಸಿಮುಸಿ ನಗುತ್ತಾರೆ. ಅಮ್ಮನಿಗೆ ವಯಸ್ಸಾಯಿತು ಎಂದು ಅವರ ಕಣ್ಣುಗಳೇ ಹೇಳುತ್ತವೆ. ಹೇಳಲಿ ಬಿಡಿ. ಅವರಿಗೆ ಅದು ಪೆಟ್ರೋಲು, ನನಗೆ ಅದು ಹಲಸೂರಿನ ನಮ್ಮ ಮನೆಯ ಮುಂದಿನ ಕೋಣೆ. ಅಲ್ಲಿ ಕಿಟಕಿಗೆ ಒತ್ತಿಕೊಂಡಿದ್ದ ಮೇಜಿನ ಮೇಲೆ, ಯಾವುದೋ ಕಾಲದ ಕ್ರೀಮಿನ ಗಾಜಿನ ಬಟ್ಟಲಿನಲ್ಲಿ, ಒಂದು ಬೆರಳು ಆಳದಷ್ಟು ಪೆಟ್ರೋಲು ಸದಾ ಇರುತ್ತಿತ್ತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಹಲ್ಲಿನ ಚಕ್ರಗಳು ಅದರೊಳಗೆ ಮುಳುಗಿ ಮೈ ತೊಳೆದುಕೊಳ್ಳುತ್ತಿದ್ದವು. ಆ ವಾಸನೆಗೆ ಅಡುಗೆಮನೆಯ ಬಸ್ಸಾರಿನ ಒಗ್ಗರಣೆ, ಜಗಲಿಯಿಂದ ಬರುವ ಬೆಸುಗೆಯ ಹೊಗೆ, ಅಲ್ಲಿ ಕೂತು ಬೆಸೆಯುತ್ತಿದ್ದ ಗಫೂರ್ ಸಾಬರ ಅತ್ತರು ಎಲ್ಲ ಸೇರಿ ಯಾವ ಅಂಗಡಿಯಲ್ಲೂ ಸಿಗದಂಥ ಒಂದು ವಾಸನೆ ಆಗುತ್ತಿತ್ತು. ಸ್ಕೂಲಿನಿಂದ ಬರುವಾಗ ಬೀದಿಯ ತಿರುವಿನಲ್ಲೇ ಅದು ನನ್ನನ್ನು ಎದುರುಗೊಳ್ಳುತ್ತಿತ್ತು. ಇಂಥದೊಂದು ವಾಸನೆ ನಿಮಗೂ ಇರಬಹುದು. ಇದ್ದರೆ, ನಾನು ಗಾಜು ಇಳಿಸುವುದು ಯಾಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಮೇಜು ನನ್ನ ತಾತನದು. ಹೆಸರು ಮುನಿಸ್ವಾಮಪ್ಪ. ಅವರ ಅಣ್ಣತಮ್ಮಂದಿರೆಲ್ಲ ಬೈಯಪ್ಪನಹಳ್ಳಿ ಕಡೆ ರಾಗಿ, ಸೊಪ್ಪು ಬೆಳೆದುಕೊಂಡಿದ್ದವರು. ತಾತನಿಗೆ ಮಾತ್ರ ಒಂದು ಕಾಲು ಸೊಟ್ಟ. ಕೆಸರಿನಲ್ಲಿ ನಿಂತು ಗೇಯಲು ಆಗುವುದಿಲ್ಲವೆಂದು ಅವರ ಅಪ್ಪ ದಂಡಿನ, ಎಂದರೆ ಕಂಟೋನ್ಮೆಂಟಿನ, ಒಂದು ಗಡಿಯಾರದ ಅಂಗಡಿಗೆ ಸೇರಿಸಿದರಂತೆ. ಅಲ್ಲಿ ಕೆಲಸ ಕಲಿಸಿದ ಮುದುಕರನ್ನು ತಾತ ಕಡೆಯವರೆಗೂ 'ನಮ್ಮ ಮೇಷ್ಟ್ರು' ಎಂದೇ ಕರೆಯುತ್ತಿದ್ದರು, ಹೆಸರು ಹಿಡಿದು ಹೇಳಿದ್ದನ್ನು ನಾನು ಕೇಳಿಲ್ಲ. ಹಬ್ಬಕ್ಕೆ ಬಂದ ದಾಯಾದಿಗಳು 'ಮುನ್ಸಾಮಿ ಕೈಗೆ ಗುದ್ಲಿ ಕೊಟ್ರೆ ಚಿಮಟದಲ್ಲಿ ಹಿಡ್ಕೊಂತಾನೆ' ಎಂದು ರೇಗಿಸುವರು. ತಾತ ನಕ್ಕುಬಿಡುವರು. ಆದರೆ ಕೆಲಸದ ವಿಷಯಕ್ಕೆ ಬಂದರೆ ಅವರಿಗೆ ಮೂಗಿನ ತುದಿಯಲ್ಲಿ ಜಂಬ. ಒಮ್ಮೆ ಮುಚ್ಚಿ ಕೊಟ್ಟ ಗಡಿಯಾರ ಅದೇ ದೂರು ಹೊತ್ತುಕೊಂಡು ಇನ್ನೊಮ್ಮೆ ತಮ್ಮ ಮೇಜಿಗೆ ಬಂದಿಲ್ಲ ಎನ್ನುವುದು ಅವರ ಹೆಗ್ಗಳಿಕೆ. ಅದು ನಿಜವೂ ಆಗಿತ್ತು. ಅಷ್ಟು ವರ್ಷದಲ್ಲಿ ತಾತನ ಹೆಸರಿಗೆ ಇದ್ದದ್ದು ಒಂದೇ ಒಂದು ತಪ್ಪು. ಅದೂ ಹೆಂಡತಿಯ ಗಡಿಯಾರದಲ್ಲಿ.

ಆ ತಪ್ಪು ನಿಮಗೆ ಅರ್ಥವಾಗಬೇಕಾದರೆ ಅವರ ಕೆಲಸ ಸ್ವಲ್ಪ ಹೇಳಬೇಕು. ದಂಡಿನ ಕಡೆ ಆಗ ಮನೆಮನೆಯಲ್ಲೂ ಹಿರಿಯರ ಜೇಬುಗಡಿಯಾರಗಳಿದ್ದವು. ರೈಲ್ವೆಯಲ್ಲಿದ್ದವರವು, ಮಿಲಿಟರಿಯಲ್ಲಿದ್ದವರವು. ಅಪ್ಪ ಹೋದಮೇಲೆ ಮಗನಿಗೆ ಅದು ಬೇಕು, ಆದರೆ ಜೇಬಿನಲ್ಲಿ ಸರಪಳಿ ಕಟ್ಟಿಕೊಂಡು ಓಡಾಡಲು ನಾಚಿಕೆ. ಅಂಥವರು ಅದನ್ನು ಕೈಗೆ ಕಟ್ಟುವ ಹಾಗೆ ಮಾಡಿಸಿಕೊಳ್ಳಲು ತಾತನ ಹತ್ತಿರ ಬರುತ್ತಿದ್ದರು. ಜೇಬುಗಡಿಯಾರಕ್ಕೆ ಕೀ ಕೊಡುವ ಗುಂಡಿ ನೆತ್ತಿಯಲ್ಲಿ, ಹನ್ನೆರಡರ ಮೇಲೆ ಇರುತ್ತದೆ. ಕೈಗೆ ಕಟ್ಟಿದರೆ ಅದು ಬಲಗಡೆಗೆ, ಮೂರರ ಪಕ್ಕಕ್ಕೆ ಬರಬೇಕು. ಮಶೀನನ್ನು ಹೇಗೂ ಬದಲಿಸಲಾಗದು, ಆದ್ದರಿಂದ ಅಂಕಿಗಳನ್ನೇ ಕಾಲು ಸುತ್ತು ತಿರುಗಿಸಿ ಬರೆಯಬೇಕು. ತಾತ ಡಯಲನ್ನು ಬಿಚ್ಚಿ, ಹನ್ನೆರಡು ಎಲ್ಲಿ ಬರಬೇಕೋ ಅಲ್ಲಿ ಒಂದು ಚುಕ್ಕೆ ಇಟ್ಟು ಒಳಗೆ ಕಳಿಸುವರು. ಒಳಗೆ ಅಜ್ಜಿ ಹಳೆಯ ಅಂಕಿಗಳನ್ನು ಒರೆಸಿ, ಬಿಳಿ ಬಣ್ಣ ಬಳಿದು, ಅಳಿಲಿನ ಬಾಲದ ಕೂದಲಿನ ಕುಂಚದಿಂದ ಹೊಸ ಅಂಕಿ ಬರೆಯುವಳು. ಪಟ್ಟಿ ಸಿಕ್ಕಿಸುವ ಕೊಂಡಿಗಳನ್ನು ಬೆಸೆಯುವವರು ಶಿವಾಜಿನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಗಫೂರ್ ಸಾಬರು. ಪೆಟ್ರೋಲೂ ಬೆಂಕಿಯೂ ಒಂದೇ ಕೋಣೆಯಲ್ಲಿ ಬೇಡವೆಂದು ಅಜ್ಜಿ ಅವರ ಸಾಮಾನನ್ನು ಜಗಲಿಗೆ ಹಾಕಿಸಿದ್ದಳು. 'ಕ್ಯಾ ಮುನ್ಸಾಮಣ್ಣ, ಒಳಗಿನ ಕೆಲ್ಸಕ್ಕೆ ನೀನು, ಹೊರಗಿನ ಕೆಲ್ಸಕ್ಕೆ ನಾನು, ಇಬ್ರಿಗೂ ದೊಡ್ಡೋರು ಅಡ್ಗೆಮನೇಲಿ' ಎಂದು ಸಾಬರು ದಿನಕ್ಕೊಮ್ಮೆಯಾದರೂ ಹೇಳದೆ ಹೋಗುತ್ತಿರಲಿಲ್ಲ.

ಗಡಿಯಾರ ಮಾಡಿಸಲು ಬರುವವರಿಗಿಂತ ಕೊಂಡ ಗಡಿಯಾರ ಅಸಲಿಯೋ ನಕಲಿಯೋ ಎಂದು ಕೇಳಲು ಬರುವವರೇ ಜಾಸ್ತಿ. ತಾತ ಮೊದಲು ಗಡಿಯಾರವನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ ಕಿವಿಗೆ ಹಿಡಿಯುವರು. ಆಮೇಲೆ ಹೆಬ್ಬೆರಳಿನಿಂದ ಕೊಂಡಿಯ ಬೆಸುಗೆ ಸವರುವರು. ಆಮೇಲೆ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಡಯಲು ನೋಡುವರು. ಕಟ್ಟಕಡೆಗೆ ಹಿಂದಿನ ಮುಚ್ಚಳ ತೆಗೆಯುವರು. ಆ ಮುಚ್ಚಳದ ಒಳಮೈಯೇ ಅವರ ಹೈಕೋರ್ಟು. ಕೆಲಸ ಮಾಡಿದವರೆಲ್ಲ ಅಲ್ಲಿ ಸೂಜಿಯಿಂದ ಗೀರಿ ತಮ್ಮ ತಮ್ಮ ಗುರುತು ಹಾಕುವುದು ಆ ಕಸುಬಿನವರ ಪದ್ಧತಿ. ಹಿಂದಿನವರ ಗುರುತನ್ನು ಅಳಿಸುವಂತಿಲ್ಲ, ಅದರ ಕೆಳಗೆ ತನ್ನದನ್ನು ಹಾಕಬೇಕು. ಮೇಷ್ಟ್ರದು ಒಂದು ಮುಕ್ಕೋಣ. ತಾತನದು ಮೂರು ಗೀರಿನ ನೇಗಿಲು, ಹೊಲ ಬಿಟ್ಟರೂ ನೇಗಿಲು ಬಿಟ್ಟಿರಲಿಲ್ಲ. ಅದಲ್ಲದೆ ಕೆಲಸ ಶುರು ಮಾಡುವ ಮೊದಲೇ ತಾತ ಗುಂಡಿ ಯಾವ ಕಡೆ ಬರಬೇಕೆಂದು ಅಲ್ಲಿ ಬರೆದಿಡುತ್ತಿದ್ದರು: 'ಬಲ'. ಸೀಸದಕಡ್ಡಿಯಲ್ಲಿ ಬರೆದರೆ ಪೆಟ್ರೋಲಿಗೆ ಅಳಿಸಿಹೋಗುತ್ತದಲ್ಲ, ಅದಕ್ಕೆ ಗೀರುವುದು. ಇನ್ನೊಮ್ಮೆ ಅಳೆದು ನೋಡಿ, ಸರಿ ಎನಿಸಿದರೆ ಅದರ ಕೆಳಗೆ ಎರಡು ಅಡ್ಡಗೆರೆ ಎಳೆಯುವರು. ಎರಡು ಗೆರೆ ಬಿತ್ತೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಾವಣೆ ಇಲ್ಲ.

ನಾನೊಮ್ಮೆ ಕೇಳಿದ್ದೆ. ಜೇಬಿನದನ್ನು ಕೈಗೆ ಮಾಡಿದ್ದೀರಿ, ಅಂಕಿ ಒರೆಸಿದ್ದೀರಿ, ಕೊಂಡಿ ಬೆಸೆದಿದ್ದೀರಿ, ಇಷ್ಟಾದ ಮೇಲೆ ಅದು ಅಸಲಿ ಹೇಗಾಗುತ್ತದೆ ಎಂದು. ತಾತ ಭೂತಗನ್ನಡಿ ತೆಗೆಯದೆ, ಒಂದು ಕಣ್ಣು ದೊಡ್ಡದಾಗಿಯೇ ನನ್ನ ಕಡೆ ತಿರುಗಿ ಹೇಳಿದರು: 'ಬದ್ಲಾಯ್ಸೋದು ತಪ್ಪಲ್ಲ ಮಗ. ಬದ್ಲಾಯ್ಸಿದೀನಿ ಅಂತ ಮುಚ್ಚಳದಲ್ಲಿ ಒಪ್ಕೊಂಡಿದ್ರೆ ಅದು ಅಸ್ಲಿ. ಬಚ್ಚಿಟ್ರೆ ನಕ್ಲಿ. ಹೊರ್ಗಡೆ ಏನಾರಾ ಹೇಳ್ಕೊ, ಮುಚ್ಚಳದಲ್ಲಿ ಸುಳ್ಳು ಬರೀಬಾರ್ದು.' ಆಗ ನನಗೆ ಎಂಟೋ ಒಂಬತ್ತೋ. ಅರ್ಥವಾಗಲಿಲ್ಲ, ಆದರೆ ಮರೆಯಲೂ ಇಲ್ಲ.

ಇನ್ನು ಅಜ್ಜಿ. ಅಕ್ಕಯಮ್ಮ ಅವಳ ಹೆಸರು. ಅಜ್ಜಿ ಎಡಚಿ. ಹೊಸದಾಗಿ ಮದುವೆಯಾಗಿ ಬಂದಾಗ ಪಂಕ್ತಿಯಲ್ಲಿ ಎಡಗೈಯಿಂದ ಅನ್ನ ಬಡಿಸಿದಳೆಂದು ನನ್ನ ಮುತ್ತಜ್ಜಿ, ಎಂದರೆ ತಾತನ ತಾಯಿ, ಎಲ್ಲರ ಮುಂದೆ ಸೌಟು ಕಿತ್ತುಕೊಂಡರಂತೆ. ಅಂದಿನಿಂದ ಅಡುಗೆಮನೆಗೆ ಹೋಗುವಾಗ ಎಡಗೈಗೆ ಬಟ್ಟೆ ಸುತ್ತಿಕೊಳ್ಳಬೇಕು ಎಂದು ಕಟ್ಟಪ್ಪಣೆ. ಆ ಕೈ ಮನೆಗೆ ಕೇಡು ಎಂದು ಮುತ್ತಜ್ಜಿಯ ಮಾತು, ಬಂದ ನೆಂಟರೆಲ್ಲ ಅದಕ್ಕೆ ತಲೆಯಾಡಿಸುವರು. ವರ್ಷಗಟ್ಟಲೆ ಅಜ್ಜಿ ಬಲಗೈಯಲ್ಲಿ ಬಡಿಸಿದಳು, ಬಲಗೈಯಲ್ಲಿ ಕಸ ಗುಡಿಸಿದಳು, ಬಲಗೈಯಲ್ಲಿ ರಂಗೋಲಿ ಸೊಟ್ಟಸೊಟ್ಟ ಇಟ್ಟಳು. ಹಿತ್ತಿಲ ಕಡೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಡಯಲು ಬರೆಯುವಾಗ ಮಾತ್ರ ಬಟ್ಟೆ ಬಿಚ್ಚುತ್ತಿದ್ದಳು. ಮುತ್ತಜ್ಜಿ ಹೋಗಿ ಎಷ್ಟೋ ವರ್ಷವಾದ ಮೇಲೂ ಆ ಬಾಗಿಲು ಹಾಕಿಕೊಳ್ಳುವ ಅಭ್ಯಾಸ ಹೋಗಿರಲಿಲ್ಲ. ನನ್ನೊಬ್ಬಳನ್ನು ಒಳಗೆ ಬಿಡುತ್ತಿದ್ದಳು. ಉಸಿರು ಬಿಗಿಹಿಡಿದು, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಆ ಎಡಗೈ ಡಯಲಿನ ಮೇಲೆ ಇಳಿಯುವುದನ್ನು ನಾನು ನೋಡಿದ್ದೇನೆ. ಅದೆಂಥ ಕೈ! ಒಂದು ಅಂಕಿಯಾದರೂ ನಡುಗಿದ್ದಿಲ್ಲ. ಹೊರಗೆ ಗಿರಾಕಿಗಳು ಬರಹ ನೋಡಿ ಬೆರಗಾಗಿ ಕೇಳಿದರೆ ತಾತ 'ಒಳ್ಗಡೆ ಒಬ್ರು ಆರ್ಟಿಸ್ಟ್ ಇದಾರೆ' ಎನ್ನುವರು. ಆ ಆರ್ಟಿಸ್ಟು ಅಷ್ಟರಲ್ಲಿ ಕೈಗೆ ಮತ್ತೆ ಬಟ್ಟೆ ಸುತ್ತಿಕೊಂಡು ಹುರುಳಿಕಾಳು ಬೇಯಿಸುತ್ತಿರುತ್ತಿದ್ದಳು.

ಮೇಷ್ಟ್ರು ತೀರಿಕೊಳ್ಳುವಾಗ ತಮ್ಮ ಬೆಳ್ಳಿಯ ಜೇಬುಗಡಿಯಾರವನ್ನು ತಾತನಿಗೆ ಕೊಟ್ಟರು. ತಾತ ಅದನ್ನು ತಾವು ಕಟ್ಟಲಿಲ್ಲ, ಅಜ್ಜಿಗೆ ಕೈಗಡಿಯಾರ ಮಾಡಿಕೊಟ್ಟರು. ಆಗಿನ್ನೂ ಮುತ್ತಜ್ಜಿ ಗಟ್ಟಿಯಾಗಿದ್ದರು, ನಾನು ಹುಟ್ಟಿರಲಿಲ್ಲ. ಗಡಿಯಾರವೇನೋ ಚೆನ್ನಾಗಿಯೇ ಆಯಿತು, ಆದರೆ ಗುಂಡಿ ಎಡಗಡೆಗೆ ಬಂದುಬಿಟ್ಟಿತ್ತು, ಒಂಬತ್ತರ ಪಕ್ಕಕ್ಕೆ! ಗಫೂರ್ ಸಾಬರು ನೋಡಿ ಜಗಲಿಯ ಮೇಲೆ ಬಿದ್ದು ಬಿದ್ದು ನಕ್ಕರಂತೆ. ತಾತ ತಲೆ ಕೆರೆದುಕೊಂಡು, 'ಡಯಲ್ ಬೋರಲು ಹಾಕಿ ಹಿಂದ್ಗಡೆಯಿಂದ ಗುರ್ತು ಮಾಡ್ಬಿಟ್ಟೆ ಸಾಬ್ರೇ, ಎಡ ಬಲ ಆಗೋಯ್ತು' ಎಂದರಂತೆ. ಆ ಕಸುಬಿನಲ್ಲಿ ಆಗಬಹುದಾದ ತಪ್ಪೇ ಅದು, ಹೊಸಬರು ಮಾಡುವಂಥದು. ಡಯಲನ್ನು ಇನ್ನೊಮ್ಮೆ ಒರೆಸಿ ಬರೆಸಬಹುದಿತ್ತು. ಮೇಷ್ಟ್ರ ಗಡಿಯಾರವನ್ನು ಪದೇ ಪದೇ ಬಿಚ್ಚಬಾರದು ಎಂದು ತಾತ ಬಿಟ್ಟರು. ಅಜ್ಜಿ ಅದನ್ನು ಬಲಗೈಗೆ ಕಟ್ಟಿಕೊಂಡಳು. 'ಗಂಡ ಉಲ್ಟಾ ಮಾಡಿಕೊಟ್ಟ, ಹೆಂಡ್ತಿ ಉಲ್ಟಾ ಕೈಗೆ ಕಟ್ಕೊಂಡ್ಳು' ಎಂದು ಮುತ್ತಜ್ಜಿಯೇ ನಕ್ಕರಂತೆ. ಗುಂಡಿ ಎಡಗಡೆ ಇದ್ದಮೇಲೆ ಎಡಗೈಯಿಂದಲೇ ಕೀ ಕೊಡಬೇಕಲ್ಲ, ಅದಕ್ಕೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ತಪ್ಪು ಗಡಿಯಾರದ್ದು, ಅವಳದಲ್ಲವಲ್ಲ.

ನನಗೆ ನೆನಪಿರುವುದು ಬೆಳಗಿನ ಏಳು ಗಂಟೆ. ಕಾಫಿ ಕುಡಿದಾದ ಮೇಲೆ ಅಜ್ಜಿ ನಡುಮನೆಯಲ್ಲಿ, ಎಲ್ಲರೂ ಓಡಾಡುವ ಜಾಗದಲ್ಲಿ, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ನಿಧಾನವಾಗಿ ಕೀ ಕೊಡುವಳು. ಆ ಮನೆಯಲ್ಲಿ ಆ ಕೈ ಹಗಲುಹೊತ್ತಿನಲ್ಲಿ, ನಾಲ್ಕು ಜನರ ಮುಂದೆ ಕೆಲಸ ಮಾಡುತ್ತಿದ್ದದ್ದು ಅದೊಂದೇ. ತಾತ ಪೇಪರಿನ ಮೇಲಿಂದ ನೋಡುವರು. ಹಬ್ಬಕ್ಕೆ ಬಂದವರು ಅದೇ ಹಳೇ ತಪ್ಪನ್ನು ಎತ್ತಿ ರೇಗಿಸಿದರೆ ಅಜ್ಜಿ 'ಪಾಪ, ಅವತ್ತು ಅವ್ರಿಗೆ ಕಣ್ಣು ಮಂಜಾಗಿತ್ತು' ಎನ್ನುವಳು, ತಾತ 'ಹೂಂ, ಮಂಜಾಗಿತ್ತು' ಎನ್ನುವರು. ಊರಿನ ಗಡಿಯಾರಗಳನ್ನೆಲ್ಲ ನಮ್ಮ ಮುಂದೆ ಬಿಚ್ಚುತ್ತಿದ್ದ ತಾತ ಅಜ್ಜಿಯದನ್ನು ಮಾತ್ರ ನಾವೆಲ್ಲ ಸ್ಕೂಲಿಗೆ ಹೋದಮೇಲೆ ಬಿಚ್ಚಿ ತೊಳೆಯುತ್ತಿದ್ದರು. ತಪ್ಪು ಮಾಡಿದ್ದಕ್ಕೆ ನಾಚಿಕೆ ಇರಬೇಕು ಎಂದುಕೊಂಡಿದ್ದೆ.

ಮೊದಲು ಗಫೂರ್ ಸಾಬರು ಹೋದರು, ಆಮೇಲೆ ತಾತ, ಎರಡು ವರ್ಷ ಬಿಟ್ಟು ಅಜ್ಜಿ. ಅಜ್ಜಿಯನ್ನು ಮಣ್ಣಿಗೆ ಒಯ್ಯುವ ಗಲಾಟೆಯಲ್ಲಿ ಗಡಿಯಾರ ಯಾರ ಕೈಗೆ ಹೋಯಿತೆಂದು ಯಾರೂ ನೋಡಲಿಲ್ಲ. ಅವಳ ಜೊತೆಯಲ್ಲೇ ಹೋಯಿತು ಎಂದರು ಕೆಲವರು. ಮನೆ ಮಾರಿದ್ದಾಯಿತು. ಈಗ ಆ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡವಿದೆ. ತಾತನ ಮೇಜಿದ್ದ ಕಡೆ ಸ್ಕೂಟರು ನಿಲ್ಲಿಸುತ್ತಾರೆ. ಪೆಟ್ರೋಲಿನ ವಾಸನೆ ಈಗಲೂ ಇದೆ, ಆದರೆ ಅದು ಬೇರೆಯ ಪೆಟ್ರೋಲು.

ಹೋದ ತಿಂಗಳು ಕೆ.ಆರ್. ಪುರದಿಂದ ಸುಜಾತ ಬಂದಳು. ನನ್ನ ಚಿಕ್ಕಪ್ಪನ ಮಗಳು, ಈಚೆಗೆ ತಾಯಿಯನ್ನು ಕಳೆದುಕೊಂಡವಳು. ಕಮ್ಮನಹಳ್ಳಿಯ ಟ್ರಾಫಿಕ್ಕಿಗೆ ಬೈದುಕೊಂಡೇ ಮನೆಯೊಳಗೆ ಬಂದು, ಬ್ಯಾಗಿನಿಂದ ಒಂದು ಕರ್ಚೀಫಿನ ಗಂಟು ತೆಗೆದಳು. 'ಅಕ್ಕ, ಅಮ್ಮನ ಬೀರು ಕ್ಲೀನ್ ಮಾಡ್ತಿದ್ನಾ, ಸೀರೆ ಮಡಿಕೇಲಿ ಇದು ಸಿಕ್ತು. ಅಜ್ಜಿದಾ ಅಂತ ಹಳೇ ವಾಚ್ ತಗೊಳ್ಳೋರ ಹತ್ರ ತೋರಿಸ್ದೆ. ಕೀ ಎಡಗಡೆ ಇದೆ, ನಂಬರ್ ಕೈಯಲ್ಲಿ ಬರ್ದಿರೋದು, ಅಲ್ಲಿಂದ ಇಲ್ಲಿಂದ ಸೇರ್ಸಿರೋ ಡೂಪ್ಲಿಕೇಟ್ ಮಾಲು ಅಂದ್ಬಿಟ್ರು.' ಗಂಟು ಬಿಚ್ಚಿದಳು. ಎಡಗಡೆ ಗುಂಡಿಯ ಬೆಳ್ಳಿಯ ಗಡಿಯಾರ. ಆದರೂ ಅಜ್ಜಿಯದೇ ಎಂದುಬಿಡುವ ಹಾಗಿರಲಿಲ್ಲ. ಯಾಕೆಂದರೆ ಅಂಥ ಗಡಿಯಾರ ಎರಡಿದ್ದವು. ಸುಜಾತಳ ತಾಯಿ, ನನ್ನ ಚಿಕ್ಕಮ್ಮ, ಅತ್ತೆಯ ಗಡಿಯಾರದಂಥದ್ದೇ ತನಗೂ ಬೇಕೆಂದು ಹಠ ಹಿಡಿದದ್ದಕ್ಕೆ, ತಾತ ಹೋದಮೇಲೆ ಚಿಕ್ಕಪ್ಪ ಉಳಿದ ಸಾಮಾನಿನಿಂದ ತಾವೇ ಒಂದನ್ನು ಜೋಡಿಸಿಕೊಟ್ಟಿದ್ದರು, ಎಡಗಡೆಯೇ ಗುಂಡಿ ಇಟ್ಟು. ಅಂಕಿಗಳನ್ನು ಬೋರ್ಡು ಬರೆಯುವವನೊಬ್ಬ ಬರೆದಿದ್ದ. ಚಿಕ್ಕಮ್ಮನ ಬೀರುವಿನಲ್ಲಿ ಸಿಕ್ಕಿದ್ದು ಚಿಕ್ಕಮ್ಮನದೇ ಆಗಿರುವ ಸಂಭವವೇ ಹೆಚ್ಚು.

ಸುಜಾತಳಿಗೂ ಅದು ಗೊತ್ತಿತ್ತು. 'ಅಪ್ಪ ಜೋಡ್ಸಿದ್ದು ಒಂದ್ ದಿನಾನೂ ನೆಟ್ಟಗೆ ಓಡ್ಲಿಲ್ಲ, ಅಮ್ಮಂಗೂ ಅದ್ರ ಮೇಲೆ ಸಿಟ್ಟೇ. ಅದಾದ್ರೆ ಕರಗ್ಸಿ ಪಾಪೂಗೆ ಕಾಲ್ಗೆಜ್ಜೆ ಮಾಡ್ಸ್ಬಿಡ್ತೀನಿ. ಆಚಾರಿಗೆ ನಾಳೆ ಬರ್ತೀನಿ ಅಂತ ಹೇಳಿದೀನಿ. ಅಜ್ಜಿದೇ ಆದ್ರೆ ಮುಟ್ಟಲ್ಲ. ನೀನು ತಾತನ ಪಕ್ಕದಲ್ಲೇ ಕೂತಿರ್ತಿದ್ದೆ. ನೀನೇ ಹೇಳಕ್ಕ.' ಅವಳು ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ನಾನು ತಪ್ಪು ಹೇಳಿದರೆ ನಾಳೆ ಅಜ್ಜಿಯ ಗಡಿಯಾರ ಆಚಾರಿಯ ಮೂಸೆಯಲ್ಲಿ. ಆಸೆಗೆ ಬಿದ್ದು ಹೌದು ಎಂದುಬಿಟ್ಟರೆ ಅಜ್ಜಿಯ ಹೆಸರಿನಲ್ಲಿ ಒಂದು ಸುಳ್ಳು ಗಡಿಯಾರ. ತಾತ ನನ್ನ ಹಿಂದೆ ನಿಂತು ನೋಡುತ್ತಿದ್ದಾರೇನೋ ಅನಿಸಿ ನಿಜಕ್ಕೂ ಭಯವಾಯಿತು.

ಕಣ್ಣು ಮುಚ್ಚಿ ಕಿವಿಗೆ ಹಿಡಿದೆ. ಸದ್ದಿಲ್ಲ. ಅದು ನಿಂತು ಎಷ್ಟು ವರ್ಷವಾಯಿತೋ. ಹೆಬ್ಬೆರಳಿನಿಂದ ಕೊಂಡಿಗಳನ್ನು ಸವರಿದೆ. ಬೆಸುಗೆಯ ಏಣು ಎಲ್ಲೂ ಕೈಗೆ ಸಿಗಲಿಲ್ಲ. ಗಫೂರ್ ಸಾಬರದೇ ಇರಬಹುದು, ಆದರೆ ಅವರು ಬೆಸೆದಿಟ್ಟ ಖಾಲಿ ಕೇಸುಗಳೂ ಚಿಕ್ಕಪ್ಪನ ಹತ್ತಿರ ಇದ್ದವಲ್ಲ. ಮೊಮ್ಮಗನ ಸ್ಟಾಂಪಿನ ಆಲ್ಬಮ್ಮಿನ ಜೊತೆಗಿದ್ದ ಭೂತಗನ್ನಡಿ ತಂದು ಡಯಲು ನೋಡಿದೆ. ಏಳರ ಅಂಕಿ. ನಾವು ಬಲಗೈಯವರು ಏಳರ ಮೇಲುಗೆರೆಯನ್ನು ಎಡದಿಂದ ಬಲಕ್ಕೆ ಎಳೆಯುತ್ತೇವೆ. ಕುಂಚ ಊರಿದ ಕಡೆ ದಪ್ಪ, ಎತ್ತುವ ಕಡೆ ತೆಳ್ಳಗೆ. ಇದು ತೆಳ್ಳಗೆ ಮುಗಿದಿದ್ದು ಎಡಗಡೆಯಲ್ಲಿ. ಅಂದರೆ ಬಲದಿಂದ ಎಳೆದ ಗೆರೆ. ಭೂತಗನ್ನಡಿಯನ್ನು ಇನ್ನೂ ಹತ್ತಿರ ಹಿಡಿದೆ. 'ಏನಕ್ಕ?' ಎಂದಳು ಸುಜಾತ. 'ಇರು, ಹೈಕೋರ್ಟು ಬಾಕಿ ಇದೆ' ಎಂದೆ.

ಮೊಂಡು ಚಾಕುವಿನ ತುದಿಯಿಂದ ಹಿಂದಿನ ಮುಚ್ಚಳ ಎಬ್ಬಿಸಿದೆ. ಟಪ್ ಎಂದು ತೆರೆಯಿತು. ಮೇಲೆ ಮುಕ್ಕೋಣ, ಮೇಷ್ಟ್ರದು. ಅದರ ಕೆಳಗೆ ಮೂರು ಗೀರಿನ ನೇಗಿಲು. ಅಷ್ಟಕ್ಕೇ ನನ್ನ ಕಣ್ಣು ತುಂಬಿ ಏನೂ ಕಾಣದಾಯಿತು. 'ಅಜ್ಜಿದೇ' ಎಂದೆ. ಸುಜಾತ ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. 'ಇಲ್ಲೇನೋ ಬರ್ದಿದೆ ಅಕ್ಕ. ಎಡ ಅಂತ.'

ಕಿತ್ತುಕೊಂಡು ನೋಡಿದೆ. ನೇಗಿಲಿನ ಪಕ್ಕದಲ್ಲಿ, ತಾತನ ದುಂಡು ಅಕ್ಷರದಲ್ಲಿ, 'ಎಡ'. ಅದರ ಕೆಳಗೆ ಎರಡು ಅಡ್ಡಗೆರೆ.

ಡಯಲು ಬೋರಲಾಗಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ. ಕೆಲಸಕ್ಕೆ ಕೈಹಾಕುವ ಮೊದಲೇ ಬರೆದು, ಇನ್ನೊಮ್ಮೆ ಅಳೆದು, ಎರಡು ಗೆರೆ ಎಳೆದು ಮಾಡಿದ ಕೆಲಸ ಅದು. ಎಡಗೈಯ ಹೆಂಡತಿಗೆ ಎಡಗೈಯ ಗಡಿಯಾರ. ಬೇಕೆಂದೇ ಮಾಡಿದ್ದು ಎಂದಿದ್ದರೆ ಮುತ್ತಜ್ಜಿ ಅದನ್ನು ಕಟ್ಟಲು ಬಿಡುತ್ತಿದ್ದರೇ? ಪಂಕ್ತಿಯಲ್ಲಿ ಸೌಟು ಕಿತ್ತುಕೊಂಡ ಹಾಗೆ ಅದನ್ನೂ ಕಿತ್ತುಕೊಳ್ಳುತ್ತಿದ್ದರು. ಅದಕ್ಕೇ ತಾತ ತಪ್ಪಾಯಿತು ಎಂದರು. ಹೆಂಡತಿಯ ಕೈಯ ಮೇಲಿದ್ದ ತಪ್ಪನ್ನು ತಮ್ಮ ಕೈಯ ಮೇಲೆ ಹಾಕಿಕೊಂಡರು. ಕೆಲಸದಲ್ಲಿ ಒಂದು ಕೂದಲೆಳೆ ಆಚೀಚೆಯಾದರೆ ಅನ್ನ ಸೇರದ ಮನುಷ್ಯ, ಹೊಸಬರು ಮಾಡುವಂಥ ತಪ್ಪನ್ನು ಹೆಸರಿಗೆ ಅಂಟಿಸಿಕೊಂಡು, ಪ್ರಾಣಸ್ನೇಹಿತ ಗಫೂರ್ ಸಾಬರಿಗೂ ಹೇಳದೆ, ಮೂವತ್ತು ವರ್ಷ ಹಬ್ಬಹಬ್ಬಕ್ಕೂ ನಗಿಸಿಕೊಂಡರು. ನನ್ನ ತಾತನ ಬಗ್ಗೆ ನನಗೆ ಮೊದಲೂ ಹೆಮ್ಮೆಯಿತ್ತು. ಅವತ್ತು ಎದ್ದು ನಿಂತು ಕೈಮುಗಿಯಬೇಕೆನಿಸಿತು.

ಅಜ್ಜಿಗೆ ಗೊತ್ತಿತ್ತೇ ಎಂದು ಸುಜಾತ ಕೇಳಿದಳು. ಗೊತ್ತಿಲ್ಲದೆ ಏನು? ಚುಕ್ಕೆ ನೋಡಿ ಹನ್ನೆರಡು ಬರೆದವಳು ಅವಳೇ. ನೂರಾರು ಡಯಲು ಬರೆದವಳಿಗೆ ಚುಕ್ಕೆ ಯಾವ ಕಡೆಗಿದೆ ಎಂದು ಕಾಣಲಿಲ್ಲವೇ? ಬಾಗಿಲು ಹಾಕಿದ ಆ ಕೋಣೆಯಲ್ಲಿ ಚುಕ್ಕೆಯನ್ನು ನೋಡಿ ಅವಳು ಒಂದು ಗಳಿಗೆ ಕುಂಚ ಕೆಳಗಿಟ್ಟಿರಬೇಕು. ಆಮೇಲೆ ತುಟಿಯಲ್ಲಿ ಅದನ್ನು ಚೂಪು ಮಾಡಿಕೊಂಡು ಬರೆದಿರಬೇಕು. ಹೊರಗೆ ಬಂದು ಗಂಡನನ್ನು ಒಂದು ಮಾತೂ ಕೇಳಿರಲಿಕ್ಕಿಲ್ಲ. ಕಣ್ಣು ಮಂಜಾಗಿತ್ತು ಎಂದು ಅವಳು ಅನ್ನುವುದು, ಹೂಂ ಮಂಜಾಗಿತ್ತು ಎಂದು ಇವರು ಅನ್ನುವುದು, ಇದೆಲ್ಲ ನಮ್ಮ ಕಣ್ಣೆದುರಿಗೇ ನಡೆಯುತ್ತಿತ್ತು. ತಪ್ಪಿಗೆ ನೆಪ ಎಂದುಕೊಂಡು ನಾವು ನಗುತ್ತಿದ್ದೆವು. ಊರಿಗೆಲ್ಲ ಸುಳ್ಳು ಹೇಳಿದ ತಾತ ಮುಚ್ಚಳದಲ್ಲಿ ಮಾತ್ರ ಸುಳ್ಳು ಬರೆಯಲಿಲ್ಲ. ನಾವು ಯಾರೂ ಅದನ್ನು ತೆಗೆದು ಓದಲಿಲ್ಲ, ಅಷ್ಟೇ.

ಸುಜಾತ ಆಚಾರಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಆಮೇಲೆ ಗಡಿಯಾರವನ್ನು ಎಡಗೈಗಿಟ್ಟುಕೊಂಡು ಕೀ ಕೊಡಲು ನೋಡಿದಳು. ಬಲಗೈಯ ಬೆರಳು ಡಯಲಿನ ಮೇಲಿಂದ ದಾಟಿ ಹೋಗಬೇಕು, ಗುಂಡಿ ಸಿಗುತ್ತಿಲ್ಲ. ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. 'ಆಗ್ತಾನೇ ಇಲ್ವಲ್ಲಕ್ಕ, ಎಲ್ಲಾ ಉಲ್ಟಾ ಇದೆ.'

'ನಿನ್ ಕೈಗೆ ಮಾಡಿದ್ದಲ್ಲ ಕಣೆ ಅದು' ಎಂದೆ.